ಅಗುಳಿ, ನಲವತ್ತೊಂದನೇ ಸಂಚಿಕೆ

...ಅಲ್ಲ ಅಲ್ಲ, ಹಾಗೆ ಎಳೀಬೇಡ ಮಗಾ. ಪಿನ್ನು ತುಕ್ಕು ಹಿಡಿದಿದೆ, ಎಳೆದ್ರೆ ಹಾಳೆ ಸಮೇತ ಕಿತ್ತು ಬರುತ್ತೆ. ಎರಡು ಕೈಯನ್ನೂ ಅಡಿಗೆ ಕೊಡು... ಹಾಂ, ಹಾಗೆ. ಬಾಣಂತಿ ಕೈಯಿಂದ ಕೂಸು ಇಸ್ಕೊಂಡ ಹಾಗೆ. ಅದೇ ಮೊದಲನೇ ಸಂಚಿಕೆ. ತೊಂಬತ್ತಾರನೇ ಇಸವಿ. ಎಂಟೇ ಎಂಟು ಪುಟ. ಮೇಲೆ ದಪ್ಪಕ್ಕೆ 'ಅಗುಳಿ' ಅಂತ ಬರೆದಿದ್ದು ನನ್ನ ತಮ್ಮ ಶ್ರೀರಂಗ. ಕೆಳಗಿನ ಬಾಗಿಲಿನ ಚಿತ್ರವೂ ಅವನದ್ದೇ. ಚಿತ್ರ ಬರ್ತಿರಲಿಲ್ಲ ಅವನಿಗೆ. ನೋಡು, ಬಾಗಿಲು ಹೋಗಿ ದನದ ದೊಡ್ಡಿ ಗೇಟಿನ ಹಾಗೆ ಕಾಣುತ್ತೆ.

ಯಾಕೆ ನಗ್ತೀಯ?... ಓ, ಕುಂಕುಮ ನೋಡಿಯಾ. ನಗು, ನಗು, ನನಗೇನೂ ಬೇಜಾರಿಲ್ಲ. ಅರವತ್ತಮೂರು ಸಂಚಿಕೆಗೂ ಇದೆ ಅದು. ಜೆರಾಕ್ಸ್ ಮಿಷನ್‌ನಿಂದ ಹೊರಗೆ ಬಿದ್ದ ಮೊದಲ ಪ್ರತೀನ ಬಿಸಿ ಆರೋ ಮೊದಲೇ ಒಯ್ದು ಗಣಪತಿ ಮುಂದೆ ಇಟ್ಟು, ಕುಂಕುಮ ಹಚ್ಚಿ, ಎರಡು ಗರಿಕೆ ಏರಿಸಿ... ಉಳಿದದ್ದೆಲ್ಲ ಆಮೇಲೆ. "ಹ್ಯಾಕರ್ ಪತ್ರಿಕೆಗೆ ಕುಂಕುಮ ಹಚ್ಚವ ಪ್ರಪಂಚದಲ್ಲಿ ನೀನೊಬ್ಬನೇಯ ಅಣ್ಣಾ" ಅಂತಿದ್ದ ಶ್ರೀರಂಗ. ಇರ್ಲಿ ಬಿಡು, ನಿನಗೆ ನಿನ್ನ ಕಂಪ್ಯೂಟರು, ನನಗೆ ನನ್ನ ಗಣಪತಿ ಅಂತಿದ್ದೆ ನಾನು. ಆ ಮೊದಲ ಪ್ರತಿಗಳೇ ಈಗ ನಿನ್ನ ಮುಂದೆ ಇರೋದು. ಪೂರ್ತಿ ಸೆಟ್ಟು ಬೇರೆ ಯಾರ ಮನೇಲೂ ಇಲ್ಲ. ದೇವರ ಹತ್ರ ಇಟ್ಟಿದ್ದು ಅಂತ ಉಳೀತು. ಇಲ್ಲದಿದ್ರೆ ಇದೂ ಎಲ್ಲೋ ಚುರುಮುರಿ ಪೊಟ್ಟಣ ಆಗಿ ಹೋಗ್ತಿತ್ತು.

ಅಲ್ಲ, ನೀನು ತೀರ್ಥಹಳ್ಳಿ ಪುಟ್ಟಪ್ಪನ ಮಗಳು ಅಂತ ನೀ ಹೆಸರು ಹೇಳೋ ಮೊದಲೇ ನನಗೆ ಗೊತ್ತಾಯ್ತು, ಕಾವ್ಯಾ. ಅಂಗಡಿ ಬಾಗಿಲು ದಾಟುವಾಗ ತಲೆ ಬಗ್ಗಿಸಿದ್ಯಲ್ಲ. ಬಾಗಿಲು ಬೇಕಾದಷ್ಟು ಎತ್ತರ ಇದೆ, ಆದರೂ ಬಗ್ಗಿಸಿದೆ. ಪುಟ್ಟಪ್ಪನೂ ಹಾಗೇ. ಎತ್ತರದ ಆಳು, ಎಲ್ಲ ಕಡೆಯೂ ತಲೆಗೆ ಏನೋ ತಾಗುತ್ತೆ ಅನ್ನೋ ಹಾಗೆ ಬರ್ತಿದ್ದ... ಈಗಲೂ ಮನೆ ವೈರಿಂಗ್ ಕೆಲಸವೇನಾ ಅವನದ್ದು? ಹಾಂ. ಕಂಪ್ಯೂಟರ್ ಮುಟ್ಟೋದೇ ಇಲ್ವಾ? ಇಲ್ವಾ... ಹೌದು, ನೀ ಆಗಲೇ ಹೇಳಿದೆ. ಮತ್ತೆ ಕೇಳಿದೆ ನಾನು, ವಯಸ್ಸಾಯ್ತು.

ನೆಟ್‌ಗೆ ಹಾಕೋಕೆ ಟ್ರಂಕಿನ ಸಂಚಿಕೆ ಎಲ್ಲ ಸ್ಕ್ಯಾನ್ ಆಗ್ಬೇಕಲ್ಲ, ಮಾಡ್ತಾ ಇರು, ನನ್ನ ಮಾತಿಗೆ ಕೈ ನಿಲ್ಲಿಸಬೇಡ. ಬಸ್ ಸ್ಟ್ಯಾಂಡ್ ಗಲಾಟೆ ಕಿವಿಗೆ ಹಾಕ್ಕೋಬೇಡ, ಆ "ನಗರ, ನಗರ, ನಗರ" ಅಂತ ಕೂಗೋ ಏಜೆಂಟು ಸಂಜೆವರೆಗೂ ನಿಲ್ಲಿಸೋದಿಲ್ಲ. ಇಪ್ಪತ್ತೆಂಟು ವರ್ಷ ಅದರ ನಡುವೆಯೇ ನಡೀತು ಈ ಪತ್ರಿಕೆ. ಮುಂದೆ ನನ್ನ ಜೆರಾಕ್ಸ್ ಮತ್ತು ಟೈಪಿಂಗು, ಪಕ್ಕದಲ್ಲಿ ಶ್ರೀರಂಗನ ರೇಡಿಯೋ ಟೀವಿ ರಿಪೇರಿ. ಮೂರು ತಿಂಗಳಿಗೊಂದು ಅಂತ ಒಳಗೆ ಬರೆದಿರ್ತಿತ್ತು. ಬರ್ತಿದ್ದದ್ದು ವರ್ಷಕ್ಕೆ ಎರಡು, ಮಳೆ ಚೆನ್ನಾಗಿ ಆದ ವರ್ಷ ಮೂರು. ಮಳೆಗಾಲದಲ್ಲಿ ರಿಪೇರಿ ಕೆಲಸ ಕಡಿಮೆ, ಕರೆಂಟೇ ಇರೋದಿಲ್ವಲ್ಲ.

ನಾನು ಓದಿದ್ದು ಊರ ಶಾಲೇಲಿ ಏಳನೇ ಕ್ಲಾಸು. ಒಳಗೆ ಬರೆದಿದ್ದು ನನಗೆ ಅರ್ಧ ತಿಳೀತಿರಲಿಲ್ಲ, ಇನ್ನರ್ಧ ತಿಳಿದ ಹಾಗೆ ಇರ್ತಿತ್ತು. ಆದರೂ ಒಂದೊಂದು ಅಕ್ಷರವೂ ನನ್ನ ಕೈಯಲ್ಲೇ ಟೈಪ್ ಆಗಿದ್ದು. ಹ್ಯಾಕರ್ ಅಂದ್ರೆ ಕಳ್ಳ ಅಂತ ಪೇಪರ್‌ನವರು ಬರೀತಾರೆ. ಶ್ರೀರಂಗನ ಮಾತು ಬೇರೆ. ಆ ಹಿಂದಿನ ರಟ್ಟು ತಿರುಗಿಸಿ ನೋಡು... ಓದು. 'ಬಿಚ್ಚಿ ನೋಡು. ಅರ್ಥ ಮಾಡಿಕೋ. ಹಾಳು ಮಾಡಬೇಡ. ಇದ್ದ ಹಾಗೆ ಮುಚ್ಚಿಡು.' ಅಷ್ಟೇ. ಉಪನಿಷತ್ತಿನ ಹಾಗಿದೆ ಕಣೋ ಅಂದಿದ್ದೆ ನಾನು. ಅವನು ನಕ್ಕು, "ಉಪನಿಷತ್ತಲ್ಲಿ ಸ್ಕ್ರೂ ಡ್ರೈವರ್ ಇಲ್ಲೆ ಅಣ್ಣಾ" ಅಂದ.

ಅದು ಒಂಬತ್ತನೇದು. ಕೊಡೆ ಕಡ್ಡೀಲಿ ಟೀವಿ ಆಂಟೆನಾ ಮಾಡೋದು. ಅದು ಬಂದ ವಾರ ಹೊಸನಗರದಲ್ಲಿ ಹಳೇ ಕೊಡೆಗೆ ಬರಗಾಲ! ಹತ್ತರಲ್ಲಿ ಒಂದು ಕಾಗದ ಇದೆ ನೋಡು, 'ಕೇಳಿ-ಬೈಯಿರಿ' ಅನ್ನೋ ಪುಟದಲ್ಲಿ. ತಾಳಗುಪ್ಪದ ಸುಬ್ಬಪ್ಪ ಅಂತ ಒಬ್ಬರು. 'ನೀವು ಹೇಳಿದ ಹಾಗೇ ರೇಡಿಯೋ ಬಿಚ್ಚಿ ಸುರುಳಿ ತಿರುಗಿಸಿದೆ, ಈಗ ಹಗಲೂ ರಾತ್ರಿ ಸಿಂಹಳ ಭಾಷೆಯೇ ಬರ್ತಿದೆ, ದಯಮಾಡಿ ನನ್ನ ಧಾರವಾಡ ನನಗೆ ವಾಪಸ್ ಕೊಡಿಸಿ' ಅಂತ. ಶ್ರೀರಂಗ ಮಾರನೇ ದಿನವೇ ಸ್ಕ್ರೂ ಡ್ರೈವರ್ ಹಿಡ್ಕೊಂಡು ಹೋಗಿ ಧಾರವಾಡ ಕೊಡಿಸಿ ಬಂದ. ಊಟ ಹಾಕಿ ಕಳಿಸಿದರಂತೆ.

ಅದು ಹನ್ನೊಂದು. ಎರಡು ಸಾವಿರನೇ ಇಸವಿ ಹುಟ್ಟುವಾಗ ಪ್ರಪಂಚದ ಕಂಪ್ಯೂಟರೆಲ್ಲ ಹುಚ್ಚು ಹಿಡಿದು ನಿಲ್ತವೆ ಅಂತ ಸುದ್ದಿ ಇತ್ತಲ್ಲ, ಅದರ ಸಂಚಿಕೆ. ಏನೂ ಆಗಲಿಲ್ಲ. ಅವನಿಗೆ ಎರಡು ದಿನ ಅನ್ನ ಸೇರಲಿಲ್ಲ, ಪಾಪ.

...ಹೂಂ. ಮೂವತ್ತಾರು ಬಂತಾ. ಹೌದು, ಅಲ್ಲಿಂದ ನಿನ್ನಪ್ಪ ಬರೋಕೆ ಶುರು. 'ಕುಂಟುಬಿಲ್ಲೆ' ಅಂತ ಹೆಸರಿದ್ದದ್ದೆಲ್ಲ ಪುಟ್ಟಪ್ಪನದ್ದು. ಯಾರದ್ದೂ ನಿಜ ಹೆಸರು ಹಾಕೋ ಪದ್ಧತಿ ಇರಲಿಲ್ಲ ಅಗುಳೀಲಿ. ಒಬ್ಬ 'ಹಲಸಿನ ಮೇಣ', ಒಬ್ಬ 'ಏಡಿಕಾಯಿ'. ಏಡಿಕಾಯಿ ಸಾಗರದ ಒಬ್ಬ ಹೆಂಗಸು, ನಂಬ್ತೀಯಾ? ಕುಂಟುಬಿಲ್ಲೆ ಯಾಕೆ ಅಂತ ಕೇಳಿದ್ದಕ್ಕೆ ಪುಟ್ಟಪ್ಪ ಹೇಳಿದ್ದ, "ನಮ್ಮ ಮಗಳು ಅಂಗಳದಲ್ಲಿ ಆಡ್ತಾ ಇದ್ಲು ಭಟ್ರೇ, ನೋಡಿ ಇಟ್ಕೊಂಡೆ." ಆ ಮಗಳು ನೀನೇ ಅಲ್ವಾ... ನಿನಗೆ ಗೊತ್ತಿರಲಿಲ್ವಾ? ಇಲ್ವಾ. ಹೇಳಿಲ್ಲ ಅವನು. ಹೇಳಿಲ್ಲ.

ಯಾರು ಯಾರು ಅಂತ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ನನಗೆ, ಶ್ರೀರಂಗನಿಗೆ. ಲೇಖನ ಅಂಚೇಲಿ ಬರ್ತಿತ್ತು. ಲಕೋಟೆ ಹಿಂದೆ ಕಳಿಸಿದವರ ವಿಳಾಸ ಇರ್ತಿತ್ತು. ನಾನು ಟೈಪ್ ಮಾಡಿ ಮುಗಿಸಿದ ಮೇಲೆ ಲೇಖನವನ್ನೂ ಲಕೋಟೆಯನ್ನೂ ಸುಡಬೇಕು, ಅದು ಶ್ರೀರಂಗನ ಕಟ್ಟುನಿಟ್ಟು. ಪ್ರತಿ ಸಂಚಿಕೆ ಮುಗಿದ ದಿನ ಕೇಳ್ತಿದ್ದ. "ಲಕೋಟೆ ಎಲ್ಲ ಸುಟ್ಟಾತಾ ಅಣ್ಣಾ?" "ಆತು." ಅಷ್ಟೇ ಮಾತು.

ಅದಕ್ಕೇ ಹೇಳಿದ್ದು ನಿನಗೆ, ಹಸ್ತಪ್ರತಿ, ಲಕೋಟೆ ಅಂತ ಹುಡುಕಬೇಡ. ಯಾವುದೂ ಉಳಿದಿಲ್ಲ.

ಅದಾ? ಅದು ಬೇಡ. ಆ ಕೆಂಪು ಬಟ್ಟೆ ಗಂಟು ಅಲ್ಲೇ ಇರ್ಲಿ. ಅದು... ದೇವರದ್ದು. ಹಳೇ ಪಂಚಾಂಗ, ಮಂತ್ರಾಕ್ಷತೆ, ಅಂಥದ್ದು. ಟ್ರಂಕಲ್ಲಿ ಜಾಗ ಇತ್ತು ಅಂತ ಹಾಕಿಟ್ಟೆ.

...ನಲವತ್ತೊಂದು. ಬಂತಲ್ಲ.

ಎರಡು ಸಾವಿರದ ಹನ್ನೆರಡು. ನಿನಗೆ ಹತ್ತು ವರ್ಷ ಇರಬೇಕು ಆಗ. ಓದಿದೀಯ ತಾನೇ ಅಪ್ಪನ ಲೇಖನ? ಅದರಲ್ಲಿ ಒಂದು ತಪ್ಪು ಮಾತಿಲ್ಲ. ಆ ಪರೀಕ್ಷಾ ಕೇಂದ್ರದ ಹೆಸರು ಈಗಲೂ ಬೇಡ. ಅವರ ಕಂಪ್ಯೂಟರಿಗೆ ಬೀಗವೇ ಇರಲಿಲ್ಲ ಅನ್ನು. ಹೊರಗೆ ಕೂತವರು ಯಾರು ಬೇಕಾದರೂ ಮಕ್ಕಳ ಅಂಕ ತಿದ್ದಬಹುದಿತ್ತು. ಪುಟ್ಟಪ್ಪ ಶಾಲೇಲಿ ಕಂಪ್ಯೂಟರ್ ಮೇಷ್ಟ್ರು, ಅವನ ಕಣ್ಣಿಗೆ ಬಿತ್ತು. ಒಂದು ಅಂಕ ಮುಟ್ಟಲಿಲ್ಲ. ಮೂರು ಸಲ ಕಾಗದ ಬರೆದ ಅವರಿಗೆ, ಉತ್ತರ ಇಲ್ಲ. ನಾಲ್ಕನೇದು ಅಗುಳಿಗೆ ಬಂತು. ಅಗುಳಿ ಬಂದ ಮೇಲೆ ಅವರಿಗೆ ಎಚ್ಚರ ಆಯ್ತು. ಬೀಗ ಹಾಕ್ಕೊಳ್ಳೋ ಬದಲು ಪೊಲೀಸರಿಗೆ ದೂರು ಕೊಟ್ಟರು.

ಗೊತ್ತು ಮಗಾ. ಶಾಲೆಯಿಂದ ಮಕ್ಕಳ ಎದುರೇ ಕರ್ಕೊಂಡು ಹೋದರು. ಮೂರು ದಿನ. ಕೇಸು ಅಂತ ಏನೂ ಹಾಕಲಿಲ್ಲ, ಹಾಕೋಕೆ ಏನೂ ಇರಲೂ ಇಲ್ಲ. ಕಂಪ್ಯೂಟರ್ ಒಯ್ದವರು ಹನ್ನೊಂದು ತಿಂಗಳ ಮೇಲೆ ಕೊಟ್ಟರು. ಅಷ್ಟರಲ್ಲಿ ಕೆಲಸ ಹೋಗಿತ್ತು. ತಾತ್ಕಾಲಿಕದ ಕೆಲಸ, ತೆಗೆಯೋಕೆ ಕಾರಣವೂ ಬೇಡ... ಊರಲ್ಲಿ ಕಳ್ಳ ಮೇಷ್ಟ್ರು ಅಂದರಂತೆ. ನಿನಗೂ ಅಂದ್ರಾ? ಶಾಲೇಲಿ?

ಹೂಂ.

ಇಲ್ಲ, ನೀ ಬಂದ ಕೂಡಲೇ ಮೇಜಿನ ಮೇಲೆ ಇಟ್ಟ ಕಾಗದ ನಾನು ನೋಡಿದೆ. ಶ್ರೀರಂಗನ ಅಕ್ಷರ ನನಗೆ ಗೊತ್ತಾಗೋದಿಲ್ವಾ. 'ನಿನ್ನ ಹೆಸರು ನನ್ನಿಂದಲೇ ಹೊರಗೆ ಹೋಯಿತು ಪುಟ್ಟಪ್ಪ, ಕ್ಷಮಿಸು ಅಂತ ಕೇಳುವ ಯೋಗ್ಯತೆಯೂ ನನಗಿಲ್ಲ.' ಅಂತ ಇದೆ. ಅವನೇ ಬರೆದಿದ್ದು. ಮತ್ತೆ ನನ್ನನ್ನ ಕೇಳೋದು ಏನಿದೆ? ಸಾಗರದಲ್ಲಿ ಯಾವುದೋ ಹೋಟೆಲಲ್ಲಿ ಕಾಫಿ ಕುಡೀತಾ, ಆ ಕೇಂದ್ರದವನೊಬ್ಬನ ಎದುರಿಗೆ, ತೀರ್ಥಹಳ್ಳಿ ಕಡೆಯ ಒಬ್ಬ ಮೇಷ್ಟ್ರು ಎಂಥ ಬುದ್ಧಿವಂತ ಗೊತ್ತಾ ಅಂತ ಹೊಗಳಿದ್ದನಂತೆ. ಹೆಸರು ಹೇಳಿದೆನೋ ಇಲ್ವೋ ಅಂತ ಅವನಿಗೇ ನೆನಪಿಲ್ಲ. ತಿಂಗಳುಗಟ್ಟಲೆ ಅದನ್ನೇ ನೆನಪು ಮಾಡ್ಕೊಳ್ತಿದ್ದ. ಕೊನೆಗೊಂದು ದಿನ ಊಟಕ್ಕೆ ಕೂತವನು, "ಎನ್ನ ಬಾಯಿಂದ್ಲೇ ಹೋತು ಅಣ್ಣಾ" ಅಂದ.

ನಾನಾ? ನಾನೇನು ಹೇಳ್ಲಿ. ಆಗಿದ್ದು ಆಗಿ ಹೋಯ್ತು, ಊಟ ಮಾಡು ಅಂದೆ.

ನೀನು ಈ ಸಂಚಿಕೆಗೆ ಏನು ಬರೀತೀಯ? ನೆಟ್‌ನಲ್ಲಿ ಹಾಕುವಾಗ ಒಂದೊಂದಕ್ಕೂ ನಾಲ್ಕು ಸಾಲು ಪರಿಚಯ ಬರೀತೀನಿ ಅಂದ್ಯಲ್ಲ... ಓದು, ನೋಡೋಣ.

'ಈ ಸಂಚಿಕೆಯ ಲೇಖಕನ ಹೆಸರು ಪೊಲೀಸರಿಗೆ ತಿಳಿದಿದ್ದು ಸಂಪಾದಕರಿಂದಲೇ.' ಹೂಂ. ಬರವಣಿಗೆ ಚೆನ್ನಾಗಿದೆ. ಕನ್ನಡ ಶುದ್ಧವಾಗಿದೆ.

ಒಮ್ಮೆ ಹಾಕಿದ್ರೆ ಅದು ಅಲ್ಲೇ ಇರುತ್ತಾ? ಯಾವಾಗಲೂ? ಅಳಿಸೋಕೆ ಬರೋದಿಲ್ವಾ?... ಬರುತ್ತೆ, ಆದರೆ ನೀ ಅಳಿಸೋದಿಲ್ಲ. ಸರಿ. ನಿನ್ನಪ್ಪನ ಹೆಸರು ತೊಳೀಬೇಕು ಅಂತ ಬಂದವಳು ನೀನು, ಯಾಕೆ ಅಳಿಸ್ತೀಯ. ಸರಿಯೇ. ಬರಿ. ಸತ್ತವನಿಗೆ ಏನು ನೋವಾಗುತ್ತೆ... ಹೋದ ಕಾರ್ತೀಕದಲ್ಲಿ ಹೋದ ಶ್ರೀರಂಗ. ನಾಲ್ಕು ದಿನ ಮಲಗಿದ್ದ. ಬಾಗಿಲ ಕಡೆ ನೋಡ್ತಿದ್ದ, ಪುಟ್ಟಪ್ಪಂಗೆ ಹೇಳಿ ಕಳಿಸಿದ್ದೆ ಅಂತ. ಪುಟ್ಟಪ್ಪ ಬರಲಿಲ್ಲ. ತಪ್ಪು ಅನ್ನೋದಿಲ್ಲ ನಾನು.

ಇರು, ಗಂಟಲು ಒಣಗ್ತು. ಮನೋರಮಾ ಸಾಗರಕ್ಕೆ ತಂಗಿ ಮನೆಗೆ ಹೋಗಿದಾಳೆ, ಇಲ್ಲದಿದ್ರೆ ನಮ್ಮ ಮನೆಯವಳು ನಿನಗೆ ಇಷ್ಟು ಹೊತ್ತು ಬರೀ ಹೊಟ್ಟೇಲಿ ಕೂರೋಕೆ ಬಿಡ್ತಿರಲಿಲ್ಲ. ಕಷಾಯ ಕುಡೀತೀಯಲ್ಲ? ಅಡುಗೆಮನೆ ಇಲ್ಲೇ ಹಿಂದೆ. ಮಾತಾಡಿದ್ರೆ ಕೇಳುತ್ತೆ.

...ಕೇಳ್ತಾ ಇದೆಯಾ ಕಾವ್ಯಾ? ಬೆಲ್ಲ ಜಾಸ್ತಿ ಹಾಕ್ತೀನಿ, ಹುಡುಗರಿಗೆ ಸಿಹಿ ಬೇಕು... ನಾನು ಹೇಳ್ತಾ ಇದ್ದದ್ದು ಏನು, ಹಾಂ, ಅಕ್ಷರ. ನಮ್ಮ ಊರ ಶಾಲೇಲಿ ಒಬ್ಬರು ಮೇಷ್ಟ್ರು ಇದ್ದರು. ಪುಸ್ತಕಕ್ಕೆ ಕಾಲು ತಾಗಿದ್ರೆ ಹತ್ತು ಸಲ ಕಣ್ಣಿಗೆ ಒತ್ತಿಸ್ತಿದ್ದರು. ಅಕ್ಷರ ಬರೆದ ಹಾಳೆ ಸರಸ್ವತಿ. ಹರೀಬಾರದು, ತುಳೀಬಾರದು, ಬೆಂಕಿಗೆ ಹಾಕಬಾರದು. ಬೇಡ ಅಂತ ಆದ್ರೆ ಹರಿಯೋ ನೀರಿಗೆ ಬಿಡಬೇಕು. ನನಗೆ ಈಗ ಅರವತ್ತೆಂಟು. ಇವತ್ತಿನವರೆಗೆ ಒಂದು ಹಳೇ ಕ್ಯಾಲೆಂಡರ್ ಸುಟ್ಟವನಲ್ಲ ನಾನು. ಬಚ್ಚಲೊಲೆ ಹಚ್ಚೋಕೆ ಮನೋರಮಾ ಪೇಪರ್ ಮುಟ್ಟಿದ್ರೂ ಕೂಗ್ತೀನಿ. ಅವಳಿಗೆ ಅದೊಂದು ದೊಡ್ಡ...

ಮಿಷನ್ ಸದ್ದೇ ಬರ್ತಾ ಇಲ್ವಲ್ಲ. ಕರೆಂಟು ಹೋಯ್ತಾ?

ಬಂದೆ, ಬಂದೆ. ಬಿಸಿ ಇದೆ, ಲೋಟದ ಕಂಠ ಹಿಡ್ಕೊ...

ಓ.

ಬಿಚ್ಚಿದೆಯಾ.

ಬೇಡ ಅಂದಿದ್ದೆ. ...ಇಲ್ಲ, ಬೈತಾ ಇಲ್ಲ. ಲೋಟ ಇಲ್ಲಿಡ್ತೀನಿ.

ಹೌದು. ಅವೆಲ್ಲ ಲಕೋಟೆಗಳೇ. ಪಂಚಾಂಗ ಅಲ್ಲ. ಒಂದೊಂದು ಸಂಚಿಕೆದು ಒಂದೊಂದು ಕಟ್ಟು. ಸುಡಲಿಲ್ಲ ನಾನು. ಮೊದಲನೇ ಸಂಚಿಕೆ ಆದಾಗ ಒಲೆ ಮುಂದೆ ಕೂತಿದ್ದೆ, ಹಾಕೋಣ ಅಂತ ಕೈ ಮುಂದೆ ಮಾಡಿದೆ. ಆಗಲಿಲ್ಲ. ಯಾರೋ ಪುಣ್ಯಾತ್ಮರು ಕೂತು ದುಂಡಗೆ ಬರೆದಿದ್ದು. ಲೇಖನ ಹೇಗೋ ನೀರಿಗೆ ಬಿಟ್ಟೆ. ಲಕೋಟೆಯನ್ನೂ ಶರಾವತಿಗೆ ಬಿಟ್ಟು ಬರ್ತೀನಿ ಅಂದ್ರೆ ಶ್ರೀರಂಗ, "ವಿಳಾಸ ತೇಲ್ತು ಅಣ್ಣಾ, ಯಾರಾದ್ರೂ ಹೆಕ್ಕಿದ್ರೆ? ಸುಡು" ಅಂದ. ಸುಡೋಕೂ ಆಗಲಿಲ್ಲ, ಬಿಡೋಕೂ ಆಗಲಿಲ್ಲ. ಬಟ್ಟೇಲಿ ಕಟ್ಟಿ ದೇವರ ಗೂಡಿನ ಕೆಳಗೆ ಇಟ್ಟೆ. "ಸುಟ್ಟಾತಾ" ಅಂದ. "ಆತು" ಅಂದೆ. ಒಮ್ಮೆ ಅಂದ ಮೇಲೆ ಎರಡನೇ ಸಲಕ್ಕೆ ಬಾಯಿಗೆ ಅಭ್ಯಾಸ ಆಗುತ್ತೆ.

ಅದು ನಿನ್ನಪ್ಪನ ಅಕ್ಷರ. ಮೂವತ್ತಾರರದ್ದು. ಮೂವತ್ತೆಂಟರಲ್ಲಿ ಇನ್ನೊಂದು ಇದೆ. ಚೆಂದದ ಅಕ್ಷರ ಪುಟ್ಟಪ್ಪನದ್ದು...

ಯಾವ ಕಟ್ಟು ಹುಡುಕ್ತಾ ಇದೀಯ?

ನಲವತ್ತೊಂದರ ಕಟ್ಟು ಕೈಯಲ್ಲಿದೆಯಲ್ಲ. ಎಣಿಸಿದೆಯಾ. ಆರು. ...ಆ ಚೀಟಿ ಓದಿದೆಯಾ, ದಾರಕ್ಕೆ ಸಿಕ್ಕಿಸಿದ್ದು? ಓದಿದೀಯ. ನಿನ್ನ ಮುಖ ನೋಡಿದ್ರೆ ತಿಳೀತದೆ. ಜೋರಾಗಿ ಓದು. ಓದೋದಿಲ್ವಾ? ಕನ್ನಡಕ ಬೇಡ ನನಗೆ, ಬಾಯಿಪಾಠ ಇದೆ. 'ಸಂಚಿಕೆ ನಲವತ್ತೊಂದು. ಒಟ್ಟು ಏಳು. ಒಂದು ಲಕೋಟೆ ಭಾದ್ರಪದ ಬಹುಳ ಪಂಚಮಿ, ಗುರುವಾರ, ಪೊಲೀಸರ ಕೈಗೆ ಕೊಟ್ಟಿದ್ದು. ಕೊಟ್ಟವನು ಉಮಾಮಹೇಶ್ವರ.'

ಉಮಾಮಹೇಶ್ವರ ಅಂದ್ರೆ ನಾನೇ.

ಅವತ್ತು ಶ್ರೀರಂಗ ಬಿಡಿಭಾಗ ತರೋಕೆ ಶಿವಮೊಗ್ಗಕ್ಕೆ ಹೋಗಿದ್ದ. ಇಬ್ಬರು ಬಂದರು, ಮಫ್ತಿಯಲ್ಲಿ. ಜೀಪು ಎಲ್ಲೋ ದೂರ ನಿಲ್ಲಿಸಿದ್ದರು. ಕುಂಟುಬಿಲ್ಲೆ ಯಾರು ಭಟ್ರೇ ಅಂದರು. ಗೊತ್ತಿಲ್ಲ ಅಂದೆ. ಅಂಗಡಿಯಲ್ಲಿ ನಿಂತು ಹೇಳಿದೆ, ನಾಲಿಗೆ ತಡವರಿಸಲಿಲ್ಲ. ಒಳಗೆ ನೋಡ್ಬಹುದಾ ಅಂದರು. ನೋಡಿ ಅಂದೆ. ಅವರಲ್ಲಿ ಹಿರಿಯವನು ದೇವರ ಕೋಣೆ ಹೊಸ್ತಿಲಲ್ಲಿ ಬೂಟು ಕಳಚಿದ. ಕಾಲು ತೊಳ್ಕೊಂಡು ಬಂದ. ಗಣಪತಿಗೆ ಕೈ ಮುಗಿದ, ಗಲ್ಲ ತಟ್ಟಿಕೊಂಡ. ಆಮೇಲೆ ಮೆಲ್ಲಗೆ, "ಆ ಕೆಂಪು ಬಟ್ಟೇಲಿ ಏನಿದೆ ಭಟ್ರೇ?" ಅಂದ.

ದೇವರ ಎದುರು, ಮಗಾ. ದೀಪ ಉರೀತಾ ಇತ್ತು. ಕೈ ಮುಗಿದು ನಿಂತವನ ಹತ್ರ ನಾನು ಸುಳ್ಳು ಹೇಳ್ಲಾ?... ಲಕೋಟೆ ಅಂದೆ. ಕುಂಟುಬಿಲ್ಲೆದು ಇದೆಯಾ ಅಂದ. ಇದೆ ಅಂದೆ. ಅವನು ಗಂಟಿಗೆ ಕೈ ಹಾಕಲಿಲ್ಲ. ಮಡಿ ಇರಬಹುದು, ನೀವೇ ತೆಗೆದುಕೊಡಿ ಅಂದ. ತೆಗೆದು ಕೊಟ್ಟೆ. ಕಾಲು ಗಂಟೆಯೂ ಆಗಿಲ್ಲ. ಅವರು ಹೋದ ಮೇಲೆ ಚೀಟಿ ಬರೆದೆ, ಒಂದು ಕಮ್ಮಿ ಆಯ್ತಲ್ಲ, ಬರೆದಿಡಬೇಕು ಅಂತ. ಬರೆಯುವಾಗ ಸುಳ್ಳು ಬರೆಯೋಕೆ ಆಗೋದಿಲ್ಲ ನನಗೆ. ಆಮೇಲೆ ಕೈ ತೊಳ್ಕೊಂಡು ಊಟ ಮಾಡಿದೆ. ಏನೋ ಸಾರು ಇತ್ತು. ರುಚಿ ನೆನಪಿಲ್ಲ.

ಮೂರನೇ ದಿನ ಪುಟ್ಟಪ್ಪನ ಸುದ್ದಿ ಬಂತು.

ಹೇಳಬಹುದಿತ್ತು. ಶ್ರೀರಂಗನಿಗೆ ಅವತ್ತೇ ಹೇಳಬಹುದಿತ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ತಿಂಗಳುಗಟ್ಟಲೆ ತಳ್ಳಿದೆ. ಅಷ್ಟರಲ್ಲಿ ಅವನೇ "ಎನ್ನ ಬಾಯಿಂದ್ಲೇ ಹೋತು" ಅಂದುಬಿಟ್ಟ. ಒಂದೇ ಪಂಕ್ತೀಲಿ ಕೂತಿದ್ದೆವು, ಅವನ ಎಲೆ, ನನ್ನ ಎಲೆ. ಅವನು ಅಳ್ತಾ ಇದ್ದ. ನಾನು ಊಟ ಮಾಡು ಅಂದೆ. ಅವನು ನಿನ್ನಪ್ಪಂಗೆ ಬರೆದ ಈ ಕಾಗದ ಇದೆಯಲ್ಲ, ಇದನ್ನ ಅಂಚೆ ಡಬ್ಬಿಗೆ ಹಾಕಿದ್ದೂ ನಾನೇ. ವಿಳಾಸ ಬರೆದಿದ್ದು ನಾನೇ, ನನ್ನ ಅಕ್ಷರ ಚೆಂದ ಅಂತ. ಹನ್ನೆರಡು ವರ್ಷ ಅವನು ಅದನ್ನ ಹೊತ್ತ. ನಾನು ಹೊರಿಸಿದ ಹಾಗೆ ಏನೂ ಮಾಡಲಿಲ್ಲ, ಇಳಿಸಲಿಲ್ಲ, ಅಷ್ಟೇ. ದಿನಾ ಪೂಜೆ ಮಾಡಿದೆ. ಒಂದು ದಿನ ತಪ್ಪಿಸಲಿಲ್ಲ. ಅಳುವೂ ಬರ್ತಾ ಇರಲಿಲ್ಲ, ಭಯವೂ ಇಲ್ಲ. ಏನೂ ಇಲ್ಲ. ಹಲ್ಲು ಕೀಳೋಕೆ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತಲ್ಲ, ಹಾಗೆ. ಅವನು ಉಸಿರು ಬಿಡುವಾಗಲೂ ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬರಲಿಲ್ಲ.

ಬೈಯಿ ಮಗಾ. ಏನಾದ್ರೂ ಅನ್ನು.



ಆಗಲೇ ನೀ ಬರೆದಿದ್ದನ್ನ ಓದಿದಾಗ 'ಬರಿ' ಅಂದೆನಲ್ಲ... ಸತ್ತವನಿಗೆ ಏನು ನೋವು ಅಂತ. ಈ ಬಾಯಲ್ಲೇ. ಅದೂ ನಿನಗೆ ಗೊತ್ತಾಯ್ತು ಈಗ.

ಎಲ್ಲಿಗೆ? ಹೊರಗಾ? ಅಪ್ಪಂಗೆ ಫೋನು ಮಾಡ್ತೀಯಾ?

ನಿಲ್ಲು. ಒಂದು ನಿಮಿಷ. ನೀ ಹೇಳಬೇಡ. ನಂಬರ್ ಒತ್ತು, ಒತ್ತಿ ನನ್ನ ಕೈಗೆ ಕೊಡು.